ಮಗು ನೋಡುವ ಮೊದಲು ನಾವು ನೋಡಬೇಕು



ಕಳೆದ ಕೆಲವು ತಿಂಗಳುಗಳಿಂದ ನಿಮ್ಮಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದೀರಿ. “ಮಿಸ್, ಮಗುವಿಗೆ ಯಾವ ಕಾರ್ಟೂನು ತೋರಿಸಬಹುದು?” ಒಂದು ಕಾಲದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಪಠ್ಯಪುಸ್ತಕದ ಮರೆಯಲ್ಲಿ ಬಾಲಮಂಗಳದ ಡಿಂಗನ ಸಾಹಸಗಳನ್ನು ಕದ್ದು ಓದುತ್ತಿದ್ದವರೇ ಇಂದು ತಂದೆತಾಯಿಗಳಾಗಿ ಈ ಪ್ರಶ್ನೆಯನ್ನು ಕೇಳುತ್ತಿರುವುದನ್ನು ಕಂಡು ನನಗೆ ನಗುವೂ ಬರುತ್ತದೆ, ಸಂತೋಷವೂ ಆಗುತ್ತದೆ. ಆದರೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ. ಅದನ್ನು ಮುಚ್ಚಿಟ್ಟು ಉಪದೇಶಕ್ಕೆ ಇಳಿದರೆ ನನ್ನ ಮಾತಿಗೆ ಬೆಲೆಯಿರದು.

ನನ್ನ ಮೊಮ್ಮಗಳಿಗೆ ಎರಡೂವರೆ ವರ್ಷ ತುಂಬಿದಾಗಿನ ಮಾತು. ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತೇವೆ. ಮಗನೂ ಸೊಸೆಯೂ ಕೆಲಸಕ್ಕೆ ಹೋಗುವವರು. ಯಲಹಂಕ ಉಪನಗರದ ನಮ್ಮ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟರೆ, ಸಂಜೆ ಹೆಬ್ಬಾಳದ ಮೇಲ್ಸೇತುವೆಯ ವಾಹನಗಳ ಸಾಲನ್ನು ದಾಟಿ ಅವರು ಹಿಂದಿರುಗುವಾಗ ರಾತ್ರಿ ಎಂಟಾಗಿರುತ್ತದೆ. ಹಗಲೆಲ್ಲ ಮಗು ನನ್ನ ಬಳಿ. ಆಗ ಪುಟ್ಟಿಗೆ ಹತ್ತು ಹನ್ನೊಂದು ಬಣ್ಣಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಮನೆಗೆ ಬಂದವರೆದುರು ಅದನ್ನೆಲ್ಲ ಹೇಳಿಸಿ ನಾನು ಹಿಗ್ಗುತ್ತಿದ್ದೆ. ಆದರೆ ಬಾಯಾರಿದಾಗ ಅವಳು ‘ನೀರು’ ಎನ್ನುತ್ತಿರಲಿಲ್ಲ. ನನ್ನ ಕೈ ಹಿಡಿದು ಅಡುಗೆಮನೆಯವರೆಗೆ ಎಳೆದುಕೊಂಡು ಹೋಗಿ, ಬಿಂದಿಗೆಯ ಮುಂದೆ ನಿಲ್ಲಿಸಿ ಸುಮ್ಮನಾಗುತ್ತಿದ್ದಳು. ಮಕ್ಕಳ ನಡುವೆಯೇ ಆಯುಷ್ಯದ ಮೂವತ್ತೊಂದು ವರ್ಷ ಕಳೆದ ನನಗೆ ಇದರ ಅರ್ಥ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ, ಅಥವಾ ತಿಳಿಯಲು ನನಗೆ ಮನಸ್ಸಿರಲಿಲ್ಲ.

ಸೊಸೆಗೆ ಆತಂಕವಾಗಿ ಮಕ್ಕಳ ವೈದ್ಯರಲ್ಲಿಗೆ ಹೋದೆವು. ಅವರು ಕಿವಿಯ ಪರೀಕ್ಷೆ ಮಾಡಿಸಿದರು, ದೋಷವಿರಲಿಲ್ಲ. ಬಳಿಕ, “ಮಗು ದಿನಕ್ಕೆ ಎಷ್ಟು ಹೊತ್ತು ಮೊಬೈಲು ನೋಡುತ್ತದೆ?” ಎಂದು ಕೇಳಿದರು. ಸೊಸೆ, “ರಾತ್ರಿ ಊಟದ ಹೊತ್ತಿಗೆ ಅರ್ಧ ಗಂಟೆ ಡಾಕ್ಟ್ರೇ” ಎಂದಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಬೆಳಿಗ್ಗೆ ಪತ್ರಿಕೆ ಓದುವಾಗ, ಅಡುಗೆ ಮಾಡುವಾಗ, ಮಧ್ಯಾಹ್ನ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಮಲಗಿದಾಗ ಮಗುವಿನ ಕೈಗೆ ನನ್ನ ಫೋನನ್ನು ಕೊಡುತ್ತಿದ್ದವಳು ನಾನು. ಎಲ್ಲ ಸೇರಿ ಮೂರು ಗಂಟೆಗೆ ಕಡಿಮೆಯಿರಲಿಲ್ಲ. ಆ ಕ್ಷಣ ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಮಗ ಹೆಂಡತಿಯನ್ನೇ ದೂರಿದ. “ನೀನು ಊಟದ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿದ್ದೇ ತಪ್ಪು” ಎಂದ. ಅವಳು ತಲೆತಗ್ಗಿಸಿ ತಟ್ಟೆ ಎತ್ತಿಕೊಂಡು ಹೋದಳು. ಆಗಲೂ ನಾನು ಸುಮ್ಮನಿದ್ದೆ. ನೂರಾರು ಮಕ್ಕಳಿಗೆ ‘ಸತ್ಯವನ್ನೇ ನುಡಿಯಬೇಕು’ ಎಂದು ಕಪ್ಪುಹಲಗೆಯ ಮೇಲೆ ಬರೆದ ಕೈ ನನ್ನದು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮಗ ಏಳುವ ಮೊದಲೇ ಸೊಸೆಯ ಬಳಿ ಹೋಗಿ, “ನೋಡಮ್ಮ, ತಪ್ಪು ನಿನ್ನದಲ್ಲ, ನನ್ನದು” ಎಂದು ಎಲ್ಲವನ್ನೂ ಹೇಳಿದೆ. ಅವಳು ಹಾಲು ಕಾಯಿಸುತ್ತಿದ್ದಳು. ತಿರುಗಿ ನೋಡದೆ, “ಗೊತ್ತಿತ್ತು ಅತ್ತೆ. ನಿಮ್ಮ ಫೋನಿನ ಲೆಕ್ಕದಲ್ಲಿ ಎಲ್ಲ ಕಾಣುತ್ತೆ. ನೀವೇ ಹೇಳಲಿ ಅಂತ ಕಾಯ್ತಿದ್ದೆ” ಎಂದಳು. ಮಗನಿಗೂ ಅಂದೇ ಹೇಳಿದೆ. ಇದನ್ನಿಲ್ಲಿ ಬರೆಯುವ ಮೊದಲು ಸೊಸೆಯ ಒಪ್ಪಿಗೆ ಪಡೆದಿದ್ದೇನೆ.

ಆದುದರಿಂದ ಮುಂದಿನ ಮಾತುಗಳನ್ನು ನೀವು ಬೈಗುಳವೆಂದು ತಿಳಿಯಬೇಡಿ. ತಪ್ಪು ಮಾಡಿದವಳೊಬ್ಬಳು ತಾನು ಕಲಿತದ್ದನ್ನು ಹಂಚಿಕೊಳ್ಳುತ್ತಿದ್ದಾಳೆ, ಅಷ್ಟೇ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಪರದೆಯ ಮೇಲೆ ಕುಣಿಯುವ ಬೊಂಬೆಗಳು ನಮಗೆ ಹೊಸವಲ್ಲ. ತೊಗಲುಗೊಂಬೆಯಾಟವೆಂದರೆ ಬಿಳಿಯ ಪರದೆ, ಹಿಂದೊಂದು ದೀಪ, ನಡುವೆ ಬಣ್ಣದ ಚರ್ಮದ ಗೊಂಬೆ. ರಾಮಾಯಣ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತ ನಡುವೆ ನುಗ್ಗಿ ನಗಿಸುತ್ತಾನೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಬಾಳೆಲ್ಲ ಈ ಕಲೆಯನ್ನು ನಡೆಸಿಕೊಂಡು ಬಂದುದಕ್ಕಾಗಿ 2025ರಲ್ಲಿ ಪದ್ಮಶ್ರೀ ದೊರೆತಾಗ ನಮ್ಮಲ್ಲಿ ಅನೇಕರು ಹೆಮ್ಮೆಪಟ್ಟೆವು. ಆ ಪರದೆಗೂ ಇಂದಿನ ಪರದೆಗೂ ಒಂದು ವ್ಯತ್ಯಾಸವಿದೆ. ತೊಗಲುಗೊಂಬೆಯ ಪರದೆಯ ಹಿಂದೆ ಒಬ್ಬ ಮನುಷ್ಯನಿದ್ದ. ಅವನಿಗೆ ಪರದೆಯ ಮುಂದಿನವರ ನಗು, ಆಕಳಿಕೆ, ಮಗುವಿನ ಅಳು ಎಲ್ಲವೂ ಕೇಳಿಸುತ್ತಿತ್ತು. ಜನ ಬೇಸತ್ತರೆ ಕಥೆಯನ್ನು ಬೇರೆಡೆಗೆ ತಿರುಗಿಸುತ್ತಿದ್ದ. ಇಂದಿನ ಪರದೆಗೆ ಮಗು ಕಣ್ಣು ತೆಗೆಯದೆ ನೋಡುತ್ತಿದೆಯೇ ಎಂಬುದಷ್ಟೇ ಮುಖ್ಯ. ಮಗುವಿಗೆ ಅರ್ಥವಾಯಿತೇ ಎಂಬುದು ಅದಕ್ಕೆ ಬೇಕಾಗಿಲ್ಲ.

ದೂರದರ್ಶನ ಹಳ್ಳಿಗೆ ಬಂದ ಕಾಲವನ್ನೂ ನೆನೆಯಬೇಕು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು. ನಮ್ಮ ನಾಡಿನಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ದೊರೆಯಿತು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ರಾಯಚೂರು ಜಿಲ್ಲೆಯಲ್ಲಿ ಮೇಷ್ಟರಾಗಿದ್ದ ನನ್ನ ದೊಡ್ಡಪ್ಪನ ಮಗ ಹೇಳುತ್ತಿದ್ದ ಮಾತು ನನಗೆ ಇಂದಿಗೂ ನೆನಪಿದೆ: “ಪೆಟ್ಟಿಗೆ ಮಾತಾಡಿ ಮುಗಿಸಿದ ಮೇಲೆ ನಮ್ಮ ಪಾಠ ಶುರುವಾಗುತ್ತಿತ್ತು.” ಪರದೆಯಲ್ಲಿ ಕಂಡದ್ದನ್ನು ಕುರಿತು ಮಕ್ಕಳು ಕೇಳುವರು, ಅವನು ಉತ್ತರಿಸುವನು. ಕಾರ್ಯಕ್ರಮ ಚಿಕ್ಕದು, ಆಮೇಲಿನ ಮಾತುಕತೆ ದೊಡ್ಡದು. ನಾವು ಕಳೆದುಕೊಂಡಿರುವುದು ಆ ಮಾತುಕತೆಯನ್ನು.

ಚಿಕ್ಕ ಕಾರ್ಟೂನುಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಮಕ್ಕಳಿಗಾಗಿ ತಯಾರಾದ ಅತ್ಯುತ್ತಮ ಚಿತ್ರಗಳಲ್ಲೊಂದು ಏಳು ನಿಮಿಷದ್ದು. ವಿಜಯಾ ಮುಳೆ ಅವರು 1974ರಲ್ಲಿ ನಿರ್ದೇಶಿಸಿದ, ಫಿಲ್ಮ್ಸ್ ಡಿವಿಷನ್ ಹೊರತಂದ ‘ಏಕ್ ಅನೇಕ್ ಔರ್ ಏಕ್ತಾ’. ಹಿಂದಿಯಲ್ಲಿದ್ದರೂ ದೂರದರ್ಶನದ ಕಾಲದ ನಿಮಗೆಲ್ಲ ಅದು ಗೊತ್ತು. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯ ಸಮೇತ ಹಾರಿಹೋಗಿ, ಇಲಿಗಳ ನೆರವಿನಿಂದ ಬಿಡುಗಡೆ ಹೊಂದುವ ಪಂಚತಂತ್ರದ ಕಥೆ. ನಾನು ಈಚೆಗೆ ಅದನ್ನು ಮತ್ತೆ ನೋಡಿದೆ. ಶಿಕ್ಷಕಿಯ ಕಣ್ಣಿನಿಂದ ನೋಡಿದೆ. ಅದು ಶುರುವಾಗುವುದೇ ಪುಟ್ಟ ಮಗುವಿನ ಪ್ರಶ್ನೆಯಿಂದ, ಉತ್ತರಿಸುವವಳು ಅಕ್ಕ. ಒಂದೇ ಒಂದು ವಿಚಾರವನ್ನು ಹಿಡಿದುಕೊಂಡು, ಅದನ್ನೇ ಹಾಡಾಗಿ, ಕಥೆಯಾಗಿ, ಉದಾಹರಣೆಯಾಗಿ ಮೂರ್ನಾಲ್ಕು ಬಾರಿ ತಿರುಗಿಸಿ ಹೇಳುತ್ತದೆ. ಅವಸರವಿಲ್ಲ. ಕೊನೆಗೆ ಮುಗಿಯುತ್ತದೆ. ಮುಗಿಯುವುದು ಕೂಡ ಒಂದು ಗುಣವೆಂದು ಆ ಕಾಲದಲ್ಲಿ ನಮಗೆ ಹೊಳೆದಿರಲಿಲ್ಲ.

ಈಗ ಮುಗಿಯುವುದೇ ಇಲ್ಲ. ಯೂಟ್ಯೂಬಿನ ‘ಶಾರ್ಟ್ಸ್’ ಎಂಬ ಕಿರುಚಿತ್ರಗಳು ಮೊಟ್ಟಮೊದಲು ಪರೀಕ್ಷೆಗಾಗಿ ಬಂದದ್ದು ನಮ್ಮ ದೇಶಕ್ಕೇ, 2020ರ ಸೆಪ್ಟೆಂಬರಿನಲ್ಲಿ. ಟಿಕ್‌ಟಾಕ್ ನಿಷೇಧವಾದ ಮೂರೇ ತಿಂಗಳಿಗೆ. ಆಗ ಒಂದೊಂದಕ್ಕೆ 15 ಸೆಕೆಂಡಿನ ಮಿತಿ. 2024ರ ಅಕ್ಟೋಬರಿನಿಂದ ಮೂರು ನಿಮಿಷ. ಚಿತ್ರವೇನೋ ಚಿಕ್ಕದು, ಸಾಲು ಮಾತ್ರ ಕೊನೆಯಿಲ್ಲದ್ದು. ಬೆರಳಿನಿಂದ ತಳ್ಳಿದರೆ ಮುಂದಿನದು. ಎರಡು ವರ್ಷದ ಮಗುವಿಗೆ ಓದಲು ಬಾರದು, ಹುಡುಕಲು ಬಾರದು, ತಳ್ಳಲು ಬರುತ್ತದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಿಮಗೆ ಅಭಿನಯ ಮಾಡಿಸಿದ್ದು ನೆನಪಿದೆಯೇ? ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವನ್ನು ನಮ್ಮ ಮಣ್ಣಿಗೆ ತಂದ ಆ ಕಥೆಯಲ್ಲಿ, ಜೋಗಿ ನುಡಿಸುತ್ತ ಹೋದಂತೆ ಮಕ್ಕಳೆಲ್ಲ ಅವನ ಹಿಂದೆ ಹೊರಟುಹೋಗುತ್ತಾರೆ. ಆ ಜೋಗಿಯನ್ನು ಊರಿಗೆ ಕರೆಸಿದವರು, ಇಲಿಯ ಕಾಟ ತಪ್ಪಿದರೆ ಸಾಕೆಂದು ಬಯಸಿದ ದೊಡ್ಡವರು. ನನ್ನ ಕಥೆಯೂ ಅದೇ. ಮಧ್ಯಾಹ್ನದ ನಿದ್ದೆಗಾಗಿ ಜೋಗಿಯನ್ನು ಮನೆಗೆ ಕರೆದವಳು ನಾನೇ.

ವೈದ್ಯರು ಏನು ಹೇಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷಕ್ಕೆ ಮೊದಲು ಪರದೆ ಬೇಡ; ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಕೂಡದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮದೇ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಇದನ್ನೇ ಹೇಳಿದೆ. ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಮಾಡುವುದಕ್ಕೆ ಮಾತ್ರ ಎಳೆಯ ಮಕ್ಕಳಿಗೂ ವಿನಾಯಿತಿ ಕೊಟ್ಟಿದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಕ್ಕಳು ಇದನ್ನು ಓದಿ ನಿಟ್ಟುಸಿರು ಬಿಡಬಹುದು. ವಿಡಿಯೊ ಕರೆಯಲ್ಲಿ ಅಜ್ಜಿ ಮಗುವಿನ ಮಾತಿಗೆ ಮಾತು ಕೊಡುತ್ತಾಳೆ. ಕಾರ್ಟೂನು ಕೊಡುವುದಿಲ್ಲ.

ಇದು ಕೇವಲ ಅಜ್ಜಿಯರ ನಂಬಿಕೆಯಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಎಂಬ ವಿದ್ವಾಂಸೆ 2003ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳ ಎದುರು ಕುಳಿತು ಕೆಲವರು ಚೀನೀ ಭಾಷೆಯಲ್ಲಿ ಮಾತಾಡಿ ಆಟವಾಡಿದರು. ಹನ್ನೆರಡು ಭೇಟಿಗಳ ಬಳಿಕ ಆ ಕೂಸುಗಳು ಚೀನೀ ಧ್ವನಿಗಳ ಸೂಕ್ಷ್ಮ ಭೇದವನ್ನು ಗುರುತಿಸಿದವು. ಅವರ ಮಾತನ್ನೇ ವಿಡಿಯೊದಲ್ಲಿ ನೋಡಿದ ಕೂಸುಗಳು ಏನನ್ನೂ ಕಲಿತಿರಲಿಲ್ಲ. ಇನ್ನೊಂದು, ಆಂಜೆಲಿನ್ ಲಿಲ್ಲಾರ್ಡ್ ಮತ್ತು ಜೆನ್ನಿಫರ್ ಪೀಟರ್ಸನ್ 2011ರಲ್ಲಿ ಪ್ರಕಟಿಸಿದ್ದು. ನಾಲ್ಕು ವರ್ಷದ 60 ಮಕ್ಕಳಲ್ಲಿ ಒಂದು ಗುಂಪಿಗೆ ವೇಗದ ಕಾರ್ಟೂನು, ಇನ್ನೊಂದಕ್ಕೆ ನಿಧಾನದ ಕಾರ್ಟೂನು, ಮತ್ತೊಂದಕ್ಕೆ ಚಿತ್ರ ಬರೆಯುವ ಕೆಲಸ. ಎಲ್ಲವೂ ಒಂಬತ್ತೇ ನಿಮಿಷ. ವೇಗದ ಕಾರ್ಟೂನಿನಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತಿತ್ತು, ನಿಧಾನದ್ದರಲ್ಲಿ 34 ಸೆಕೆಂಡಿಗೊಮ್ಮೆ. ಆಮೇಲೆ ಪರೀಕ್ಷಿಸಿದಾಗ ವೇಗದ್ದನ್ನು ನೋಡಿದ ಮಕ್ಕಳು ತಾಳ್ಮೆಯ, ಗಮನದ ಕೆಲಸಗಳಲ್ಲಿ ಹಿಂದೆ ಬಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಅದು ಚಿಕ್ಕ ಅಧ್ಯಯನ. ನೋಡಿದ ಮರುಕ್ಷಣದ ಪರಿಣಾಮವನ್ನಷ್ಟೇ ಅಳೆದದ್ದು. ಬಾಳೆಲ್ಲ ಹಾಳಾಗುತ್ತದೆಂದು ಅದರಿಂದ ಹೇಳಲಾಗದು. ಆದರೆ ಮಗುವಿಗೆ ಊಟ ಮಾಡಿಸುವ, ಮಲಗಿಸುವ ಮೊದಲು ಯಾವುದನ್ನು ತೋರಿಸಬಾರದೆಂಬುದಕ್ಕೆ ಅಷ್ಟು ಸಾಕು.

ಒಳ್ಳೆಯ ಕಾರ್ಟೂನು ಮಾಡುವವರಿಗೂ ಈ ಜ್ಞಾನ ಇದ್ದೇ ಇತ್ತು. 1969ರಲ್ಲಿ ಶುರುವಾದ ಅಮೆರಿಕದ ‘ಸೆಸಮಿ ಸ್ಟ್ರೀಟ್’ ತಯಾರಕರು, ದೂರದರ್ಶನದ ಪಕ್ಕದಲ್ಲೇ ಬದಲಾಗುತ್ತಿರುವ ಬೇರೆ ಚಿತ್ರಗಳನ್ನು ಇರಿಸಿ, ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಆಚೆ ಹೊರಳುತ್ತದೆಂದು ಬರೆದುಕೊಳ್ಳುತ್ತಿದ್ದರು. ಅದರ ಭಾರತೀಯ ರೂಪ ‘ಗಲಿ ಗಲಿ ಸಿಮ್ ಸಿಮ್’ 2006ರಲ್ಲಿ ಬಂತು. 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದಲ್ಲಿ ಪಾತ್ರಧಾರಿ ಪ್ರಶ್ನೆ ಕೇಳಿ, ಮಗು ಉತ್ತರಿಸಲೆಂದು ಸುಮ್ಮನೆ ನಿಲ್ಲುತ್ತಿದ್ದ. ಮತ್ತು ಒಂದೇ ಸಂಚಿಕೆಯನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ತೋರಿಸುತ್ತಿದ್ದರು. ದೊಡ್ಡವರಿಗೆ ಬೇಸರ, ಮಕ್ಕಳಿಗೆ ದಿನದಿನಕ್ಕೆ ಹೆಚ್ಚು ಅರ್ಥ. ಮಗ್ಗಿಯನ್ನು ನಾನು ನಿಮ್ಮಿಂದ ದಿನವೂ ಏಕೆ ಹೇಳಿಸುತ್ತಿದ್ದೆ ಎಂಬುದು ಈಗಲಾದರೂ ತಿಳಿಯಿತೇ?

ಇನ್ನು ಪರೀಕ್ಷಿಸುವ ಬಗೆ. ತಪ್ಪೊಪ್ಪಿಕೊಂಡ ಮರುದಿನದಿಂದ, ಪಾಠಟಿಪ್ಪಣಿ ಬರೆಯುತ್ತಿದ್ದ ಕಾಲದಂತೆ ಒಂದು ನೋಟುಪುಸ್ತಕ ತೆರೆದು, ಪುಟ್ಟಿ ನೋಡುತ್ತಿದ್ದ ಕಾರ್ಟೂನುಗಳನ್ನು ಒಂದೊಂದಾಗಿ ನೋಡಿದೆ. ಹತ್ತು ದಿನಗಳಲ್ಲಿ ಮೂವತ್ತೆಂಟು ಕಾರ್ಟೂನುಗಳು. ಆ ಅಭ್ಯಾಸದಿಂದ ಒಂದು ಕ್ರಮ ತಾನಾಗಿ ರೂಪುಗೊಂಡಿತು. ಒಂದೊಂದನ್ನೂ ಮೂರು ಬಾರಿ ನೋಡಬೇಕು. ಮೂರು ನಿಮಿಷದ್ದಾದರೆ ಒಂಬತ್ತು ನಿಮಿಷದ ಕೆಲಸ.

ಮೊದಲ ಬಾರಿ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಚಿತ್ರವನ್ನಷ್ಟೇ ನೋಡಿರಿ. ಒಂದು ನಿಮಿಷದಲ್ಲಿ ದೃಶ್ಯ ಎಷ್ಟು ಸಲ ಬದಲಾಯಿತೆಂದು ಬೆರಳು ಮಡಚಿ ಎಣಿಸಿರಿ. ಎರಡು ಕೈಬೆರಳುಗಳೂ ಮುಗಿದುಹೋದರೆ ಅದು ಎಳೆಯ ಮಗುವಿಗೆ ಬೇಡ. ಇದು ನನ್ನ ಮನೆಯಳತೆಯೇ ಹೊರತು ವಿಜ್ಞಾನದ್ದಲ್ಲ. ಬೆಳಕು ಮಿಣಮಿಣನೆ ಹೊಡೆಯುತ್ತಿದೆಯೇ ನೋಡಿರಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಸಂಚಿಕೆಯ ಕೆಂಪು-ನೀಲಿ ಮಿಂಚಿನಿಂದಾಗಿ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಮಾತಿಲ್ಲದೆಯೂ ಕಥೆ ಅರ್ಥವಾಗುತ್ತದೆಯೇ? ಕಾರಣವಿಲ್ಲದೆ ಹೊಡೆತ, ಬೀಳುವಿಕೆ, ಅಳು ಇದೆಯೇ? ನಾನು ನೋಡಿದ ಒಂದರಲ್ಲಿ ಹಸುವಿಗೆ ಐದು ಕಾಲಿತ್ತು. ಯಾರೂ ಕೈಯಲ್ಲಿ ಬರೆದುದಲ್ಲ, ಯಂತ್ರವೇ ಗೀಚಿದ್ದು. ಹಸುವನ್ನು ಇನ್ನೂ ಕಾಣದ ಮಗುವಿಗೆ ಅದು ತಪ್ಪೆಂದು ಗೊತ್ತಾಗುವುದಾದರೂ ಹೇಗೆ?

ಎರಡನೆಯ ಬಾರಿ ಕಣ್ಣುಮುಚ್ಚಿ ಕೇಳಿರಿ. ಆಡುವ ಭಾಷೆ ಮನುಷ್ಯರದೇ? ವಾಕ್ಯಗಳು ಪೂರ್ಣವಾಗಿವೆಯೇ, ಅಥವಾ ಬರೀ ಚೀರಾಟ, ‘ವಾವ್’, ‘ಓ ನೋ’ಗಳೇ? ನಡುವೆ ಮೌನವಿದೆಯೇ? ಅಕ್ಷರ ಕಲಿಸುವ ಒಂದು ಕನ್ನಡ ಚಿತ್ರದಲ್ಲಿ ‘ಅಳಿಲು’ ಎಂಬುದನ್ನು ‘ಅಲಿಲು’ ಎಂದು ಉಚ್ಚರಿಸಿದ್ದನ್ನು ಕೇಳಿ ನನ್ನ ಜೀವ ಹೋದಂತಾಯಿತು. ‘ಳ’ಕಾರಕ್ಕಾಗಿ ನಾನು ಎಷ್ಟು ಮಕ್ಕಳ ನಾಲಗೆ ತಿದ್ದಿದ್ದೇನೆಂದು ನಿಮಗೆ ಗೊತ್ತು. ಒಂದೇ ಬೊಂಬೆಗೆ ಹತ್ತು ಭಾಷೆಯ ಯಂತ್ರದ ದನಿ ಅಂಟಿಸಿ ಮಾರುವ ವ್ಯಾಪಾರದಲ್ಲಿ ಇಂಥದೆಲ್ಲ ನಡೆಯುತ್ತದೆ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ದೊಡ್ಡವರ ಸಿನಿಮಾಗಳ ಡಬ್ಬಿಂಗಿಗೆ ದಶಕಗಳ ಕಾಲ ಅಘೋಷಿತ ತಡೆಯಿದ್ದ ನಮ್ಮ ನಾಡಿನಲ್ಲಿ, 2009ರಲ್ಲಿ ಚಿಂಟು ಟಿವಿ ಆರಂಭವಾದಾಗ ಹೊರಗಿನ ಕಾರ್ಟೂನುಗಳು ಕನ್ನಡ ಮಾತಾಡಿದ್ದನ್ನು ಕೇಳಿ ನಲಿದವಳು ನಾನು. ಆದರೆ ಭಾಷಾಭಿಮಾನವೆಂದರೆ ಕೆಟ್ಟ ಕನ್ನಡವನ್ನು ಮಗುವಿನ ಕಿವಿಗೆ ಸುರಿಯುವುದಲ್ಲ.

ಮೂರನೆಯ ಬಾರಿ ಮಗುವಿನೊಡನೆ ಕುಳಿತು ನೋಡಿರಿ; ಪರದೆಯನ್ನಲ್ಲ, ಮಗುವಿನ ಮುಖವನ್ನು. ಅದು ನಗುತ್ತದೆಯೇ? ಬೆರಳು ಮಾಡಿ ತೋರಿಸುತ್ತದೆಯೇ? ನಿಮ್ಮ ಕಡೆ ತಿರುಗಿ ನೋಡುತ್ತದೆಯೇ? ಮಾತಿಗೆ ಮಾತು ಸೇರಿಸುತ್ತದೆಯೇ? ಹಾಗಾದರೆ ಒಳ್ಳೆಯದು. ಬಾಯಿ ಅರೆ ತೆರೆದು, ರೆಪ್ಪೆ ಬಡಿಯದೆ, ಹೆಸರು ಹಿಡಿದು ಕರೆದರೂ ತಿರುಗದೆ ಕುಳಿತಿದ್ದರೆ, ಅದನ್ನು ‘ಎಷ್ಟು ಏಕಾಗ್ರತೆ!’ ಎಂದು ಮೆಚ್ಚಬೇಡಿ. ನಾನು ಮೆಚ್ಚಿದ್ದೆ. ಚಿತ್ರ ಮುಗಿದ ಮೇಲೆ “ಏನಾಯ್ತು ಪುಟ್ಟಿ?” ಎಂದು ಕೇಳಿರಿ. ಎಳೆಯ ಮಗುವಾದರೆ ಆಂಗಿಕವಾಗಿಯಾದರೂ ತೋರಿಸುತ್ತದೆ. ಏನೂ ಉಳಿದಿಲ್ಲವಾದರೆ ಏನೂ ಹೋಗಿರಲಿಲ್ಲವೆಂದೇ ಅರ್ಥ.

ಮೂವತ್ತೆಂಟರಲ್ಲಿ ನನ್ನ ಪರೀಕ್ಷೆಯಲ್ಲಿ ತೇರ್ಗಡೆಯಾದವು ಏಳು. ಸೊಸೆ ಅವನ್ನು ಮಕ್ಕಳ ಯೂಟ್ಯೂಬಿನಲ್ಲಿ ಆರಿಸಿಟ್ಟಳು. ಹೆತ್ತವರು ಒಪ್ಪಿದವುಗಳನ್ನಷ್ಟೇ ತೋರಿಸುವ ವ್ಯವಸ್ಥೆ ಅದರೊಳಗಿದೆ; ಹೊತ್ತಿನ ಮಿತಿ ಹಾಕುವ ಗಡಿಯಾರವೂ ಇದೆ; ತಾನಾಗಿ ಮುಂದಿನದು ಓಡುವುದನ್ನು ನಿಲ್ಲಿಸಬಹುದು. ‘ಮಕ್ಕಳದ್ದು’ ಎಂಬ ಹಣೆಪಟ್ಟಿಯನ್ನು ಮಾತ್ರ ನಂಬಿ ಕೂರಬೇಡಿ. ಪರಿಚಿತ ಕಾರ್ಟೂನು ಪಾತ್ರಗಳ ವೇಷದಲ್ಲಿ ಭೀಕರ, ಅಸಭ್ಯ ಚಿತ್ರಗಳು ಮಕ್ಕಳ ಪಟ್ಟಿಯೊಳಗೇ ನುಸುಳಿದ್ದು 2017ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಪುಕ್ಕಟೆ ಎಂಬುದೂ ಪೂರ್ತಿ ನಿಜವಲ್ಲ. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡವು. ಆಟಿಕೆಯ ಡಬ್ಬಿ ಬಿಚ್ಚುವುದನ್ನೇ ಕಥೆಯಾಗಿಸಿದ್ದರೆ ಅದು ಕಥೆಯಲ್ಲ, ಜಾಹೀರಾತು.

ನಿಮ್ಮಲ್ಲಿ ಕೆಲವರು ಆಕ್ಷೇಪಿಸುವಿರಿ: “ಮಿಸ್, ನಮ್ಮ ಮನೆಯಲ್ಲಿ ಅಜ್ಜಿಯೂ ಇಲ್ಲ, ತಾತನೂ ಇಲ್ಲ. ಆರ್.ಟಿ. ನಗರದ ಎರಡನೇ ಮಹಡಿಯ ಮನೆ. ಬೀದಿಗೆ ಬಿಟ್ಟರೆ ಗಾಡಿಗಳ ಭಯ. ಕುಕ್ಕರು ಕೂಗುವವರೆಗೆ ಹದಿನೈದು ನಿಮಿಷ ಮಗು ಸುಮ್ಮನಿರಬೇಡವೇ?” ಈ ಮಾತು ನೂರಕ್ಕೆ ನೂರು ನಿಜ. ಆಟದ ಬಯಲನ್ನೆಲ್ಲ ನಿವೇಶನ ಮಾಡಿ ಮಾರಿದವರು ದೊಡ್ಡವರು. ಈಗ ಮಗು ಒಳಗೇ ಕುಳಿತಿದೆಯೆಂದು ತಾಯಿಯನ್ನು ದೂರುವವರೂ ದೊಡ್ಡವರೇ. ಆ ದೂರನ್ನು ನಾನು ಒಪ್ಪುವುದಿಲ್ಲ. ಹದಿನೈದು ನಿಮಿಷ ಬೇಕಾದರೆ ತೆಗೆದುಕೊಳ್ಳಿ, ನಾಚಿಕೆಪಡಬೇಡಿ. ಆದರೆ ಆ ಹದಿನೈದು ನಿಮಿಷಕ್ಕೆ ಏನೆಂಬುದನ್ನು ಭಾನುವಾರವೇ ನೀವು ಆರಿಸಿಟ್ಟಿರಬೇಕು. ಯಂತ್ರ ಆರಿಸಬಾರದು. ಊಟದ ತಟ್ಟೆಯ ಮುಂದೆ ಮಾತ್ರ ಬೇಡ. ಅನ್ನದ ರುಚಿ ಮಗುವಿಗೆ ತಿಳಿಯಬೇಕು. ಅತ್ತಾಗ ಸುಮ್ಮನಿರಿಸಲೂ ಬೇಡ. ಅಳುವಿಗೆ ಮೊಬೈಲು ಸಿಗುತ್ತದೆಂಬ ಪಾಠವನ್ನು ಮಕ್ಕಳು ಒಂದೇ ದಿನಕ್ಕೆ ಕಲಿಯುತ್ತಾರೆ.

ಪರದೆಯನ್ನು ಕಿತ್ತುಕೊಂಡ ಮೇಲೆ ಕೈ ಖಾಲಿ ಬಿಡಬಾರದು. ಮೊದಲ ನಾಲ್ಕೈದು ದಿನ ಪುಟ್ಟಿ ನೆಲಕ್ಕೆ ಬಿದ್ದು ಹೊರಳಿ ಅತ್ತಳು. ನನ್ನ ಮಂಡಿನೋವನ್ನು ಲೆಕ್ಕಿಸದೆ ದಿನವೂ ಸಂಜೆ ಅವಳನ್ನು ಪುಟ್ಟೇನಹಳ್ಳಿ ಕೆರೆಯ ಕಡೆಗೆ ಕರೆದೊಯ್ದೆ. ಒಂಟಿಗಾಲಲ್ಲಿ ನಿಂತ ಕೊಕ್ಕರೆ ಐದು ನಿಮಿಷವಾದರೂ ಕದಲುವುದಿಲ್ಲ. ಅದನ್ನು ನೋಡುವುದನ್ನು ಕಲಿಯಲು ಅವಳಿಗೆ ಎರಡು ವಾರ ಬೇಕಾಯಿತು, ನನಗೂ. ಮಧ್ಯಾಹ್ನ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’, ಪಂಜೆ ಮಂಗೇಶರಾಯರ ಕಥೆಗಳು. ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ಎಂಬ ತಾಣದಲ್ಲಿ 2015ರಿಂದ ಕನ್ನಡದಲ್ಲೂ ಮಕ್ಕಳ ಚಿತ್ರಕಥೆಗಳು ಹಣವಿಲ್ಲದೆ ದೊರೆಯುತ್ತಿವೆ. ಪುಟ ತಿರುಗುವುದು ನಾವು ತಿರುಗಿಸಿದಾಗ ಮಾತ್ರ.

ಪುಟ್ಟಿಗೆ ಈಗ ಮೂರೂವರೆ ವರ್ಷ. ಮಾತು ಬಂದಿದೆ, ಬಂದಿದೆಯೆಂದರೆ ನಿಲ್ಲಿಸುವುದೇ ಕಷ್ಟ. ಮೊಬೈಲು ತಗ್ಗಿಸಿದ್ದರಿಂದಲೇ ಬಂತೆಂದು ನಾನು ಸಾರುವುದಿಲ್ಲ. ಕೆಲವು ಮಕ್ಕಳಿಗೆ ಮಾತು ತಡವೆಂದು ವೈದ್ಯರೇ ಹೇಳಿದ್ದರು. ಅಷ್ಟರಲ್ಲಿ ಶಿಶುವಿಹಾರಕ್ಕೂ ಸೇರಿಸಿದ್ದೆವು. ನಿಮ್ಮ ಮಗುವಿಗೆ ಮಾತು ತಡವಾದರೆ ನನ್ನ ಲೇಖನವನ್ನು ನೆಚ್ಚಿ ಕೂರದೆ ವೈದ್ಯರನ್ನು ಕಾಣಿರಿ. ಆದರೆ ಒಂದನ್ನು ಹೇಳಬಲ್ಲೆ. ದಿನಕ್ಕೆ ಮೂರು ಗಂಟೆಗಳ ಹೊತ್ತು ಆ ಮಗುವಿನೊಡನೆ ಯಾರೂ ಮಾತಾಡುತ್ತಿರಲಿಲ್ಲ, ಈಗ ಮಾತಾಡುತ್ತಿದ್ದೇನೆ.

ಮೊನ್ನೆ ಏಳರ ಪಟ್ಟಿಯಲ್ಲಿರುವ ಆಮೆಯ ಕಾರ್ಟೂನನ್ನು ಬಹುಶಃ ಐವತ್ತನೆಯ ಸಲ ನೋಡುತ್ತಿದ್ದೆವು. ನನಗೆ ತೂಕಡಿಕೆ ಬಂದು ಕಣ್ಣು ಮುಚ್ಚಿತು. ಕೆನ್ನೆಗೆ ಪುಟ್ಟ ಕೈ ತಟ್ಟಿತು. “ಅಜ್ಜೀ, ನೀನು ನೋಡ್ತಾನೇ ಇಲ್ಲ. ನಿಲ್ಸು, ಮೊದಲಿಂದ ಹೇಳ್ತೀನಿ” ಎಂದಳು. ಮೊಬೈಲನ್ನು ಮಗುಚಿಟ್ಟು ಆಮೆಯ ಕಥೆಯನ್ನು ಅವಳೇ ಹೇಳಿದಳು. ನಡುವೆ ಎರಡು ಕಡೆ ಕಥೆ ತಪ್ಪಿತು. ತಿದ್ದಲಿಲ್ಲ.

ಕೊನೆಯದಾಗಿ, ನಿಮ್ಮ ಹಳೆಯ ಮಿಸ್ ಕೊಡುವ ಹೋಂವರ್ಕ್. ಇಂದು ರಾತ್ರಿ ಮಗು ಮಲಗಿದ ಮೇಲೆ, ಅದು ಅತ್ಯಂತ ಹೆಚ್ಚು ನೋಡುವ ಒಂದೇ ಒಂದು ಕಾರ್ಟೂನನ್ನು ಆರಿಸಿಕೊಳ್ಳಿ. ಒಮ್ಮೆ ಧ್ವನಿಯಿಲ್ಲದೆ, ಒಮ್ಮೆ ಕಣ್ಣುಮುಚ್ಚಿ, ನಾಳೆ ಒಮ್ಮೆ ಮಗುವಿನ ಮುಖ ನೋಡುತ್ತ. ಕಂಡದ್ದನ್ನು ನಾಲ್ಕು ಸಾಲು ಬರೆದು ಕಳಿಸಿ; ಕಾಗುಣಿತದ ತಪ್ಪಿಗೆ ಈಗ ಅಂಕ ಕಳೆಯುವುದಿಲ್ಲ. ನಿಮ್ಮ ಮಕ್ಕಳಿಗೆ ಒಳ್ಳೆಯ ಮಾತು, ಒಳ್ಳೆಯ ಕಥೆ, ಕೇಳುವ ಕಿವಿಗಳು ದೊರೆಯಲಿ.